ಕರಿ ನಾಲ್ಕರಲ್ಲಿ, ಒಂದೇ ಸಲ

ನನ್ನ ಸೋದರತ್ತೆಗೆ ಮೀಸೆ ಒಪ್ಪುತ್ತಿದ್ದಷ್ಟು ನನ್ನ ಮಾವನಿಗೆ ಒಪ್ಪುತ್ತಿರಲಿಲ್ಲ. ಇದು ನನ್ನ ಮಾತಲ್ಲ, ಮಾವನೇ ಬದುಕಿದ್ದಾಗ ಹತ್ತು ಜನರೆದುರು ನಗುತ್ತ ಹೇಳುತ್ತಿದ್ದ ಮಾತು. ಅತ್ತೆ ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದಳು. ಹೆಂಗಸರ ಪಾತ್ರಕ್ಕೆ ಗಂಡಸರು ಸೀರೆ ಉಡುವುದನ್ನು ಕಂಡಿದ್ದ ಜನಕ್ಕೆ ಹೆಂಗಸೊಬ್ಬಳು ಕಿರೀಟ ಇಟ್ಟು, ಮೀಸೆ ಅಂಟಿಸಿ, ಎದೆ ಸೆಟೆಸಿ ಬರುವುದು ಮೊದಲು ತಮಾಷೆ ಅನ್ನಿಸಿತ್ತಂತೆ. ಬಾಯಿ ತೆರೆದು ಹಾಡಿದ ಮೇಲೆ ಯಾರೂ ನಗಲಿಲ್ಲವಂತೆ.

ಅದು ಶುರುವಾದದ್ದು ಭದ್ರಾವತಿಯಲ್ಲಿ. ರಾಜನ ಪಾತ್ರದವನು ಸಂಜೆಯ ಆಟಕ್ಕೆ ಮುಂಚೆ ಯಾರಿಗೂ ಹೇಳದೆ ಬೇರೆ ಕಂಪನಿಗೆ ಓಡಿಹೋದ. ಅಷ್ಟೂ ಹಾಡು ಬಾಯಿಪಾಠವಾಗಿದ್ದವಳು ಅತ್ತೆಯೊಬ್ಬಳೇ. ಸಖಿಯ ಸೀರೆ ಬಿಚ್ಚಿಟ್ಟು ರಾಜನ ಅಂಗಿ ತೊಟ್ಟವಳು ಆಮೇಲೆ ಹತ್ತಿರ ಹತ್ತಿರ ಮೂವತ್ತು ವರ್ಷ ಅದನ್ನು ಬಿಚ್ಚಲಿಲ್ಲ. ನನ್ನ ಅಮ್ಮ ತೀರಿಕೊಂಡಾಗ ಅಪ್ಪ ಅದೇ ಊರಿನ ಕಾರ್ಖಾನೆಯ ಕುಲುಮೆಯಲ್ಲಿ ಶಿಫ್ಟಿನ ಕೆಲಸಕ್ಕಿದ್ದ. ಹೆಣ್ಣುಮಗುವನ್ನು ಯಾರು ನೋಡಿಕೊಳ್ಳಬೇಕು? ಅತ್ತೆ ಬಂದು, ತಮ್ಮನಿಗೆ ಎರಡು ಮಾತು ಬೈದು, ನನ್ನನ್ನು ಎತ್ತಿಕೊಂಡು ಕಂಪನಿಗೆ ಹೋದಳು. ನಾನು ಬೆಳೆದದ್ದು ಪರದೆಗಳ ಸಂದಿಯಲ್ಲಿ. ಅತ್ತೆಯ ಬಾಯಿ ಜೋರು, ನನ್ನದು ಅದಕ್ಕಿಂತ ಒಂದು ಗುಲಗಂಜಿ ಜಾಸ್ತಿ ಅನ್ನುತ್ತಿದ್ದರು.

ಈಗ ಹೇಳಹೊರಟಿರುವುದು ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಮಾತು. ನನಗೆ ಮೂವತ್ತು ದಾಟಿತ್ತು, ಎರಡು ಮಕ್ಕಳ ತಾಯಿ. ರಂಗದ ಮೇಲೆ ಮಾತ್ರ ಹದಿನಾರರ ಮದುಮಗಳು, ರಾಜನ ಒಬ್ಬಳೇ ಮಗಳು. ಆ ನಾಟಕದಲ್ಲಿ ರಾಜ ಮಗಳ ಮದುವೆ ಮಾಡಿ, ಕಿರೀಟ ಅಳಿಯನ ತಲೆಗಿಟ್ಟು, ಬರಿಗಾಲಲ್ಲಿ ಕಾಡಿಗೆ ಹೊರಡುತ್ತಾನೆ. ಮಗಳು ಓಡಿಬಂದು ಅಡ್ಡ ನಿಂತು, "ಹೋಗಬೇಡಿ ತಂದೆಯೇ" ಎಂದು ಅಳುತ್ತಾಳೆ. ರಾಜ ಅವಳನ್ನು ಎದೆಗೊರಗಿಸಿಕೊಂಡು ಹಾಡುತ್ತಾನೆ. ಹಾಡು ಮುಗಿದ ಮೇಲೆ ಮಗಳು ದಾರಿ ಬಿಡುತ್ತಾಳೆ, ಅವನು ಹೋಗುತ್ತಾನೆ. ಆ ಒಂದು ಹಾಡಿಗಾಗಿ ಜನ ಊರೂರಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಹಾಡು ಹಿಡಿಸಿದರೆ "ಒನ್ಸ್ ಮೋರ್" ಎಂದು ಕೂಗುವುದು ಆ ಕಾಲದ ಪದ್ಧತಿ. ಕೂಗಿದರೆ ಮತ್ತೆ ಹಾಡಲೇಬೇಕು. ಹೆಣವಾಗಿ ಬಿದ್ದವನೂ ಎದ್ದು ಹಾಡಿ ಮತ್ತೆ ಸಾಯುತ್ತಿದ್ದ. ಹಾಗೆಂದು ನಡುವೆ ಕಥೆ ಕಡಿಯುವ ಹಾಗಿಲ್ಲವಲ್ಲ, ಅದಕ್ಕೆ ನಮ್ಮ ಕಂಪನಿ ಒಂದು ದಾರಿ ಮಾಡಿಕೊಂಡಿತ್ತು. ಹೊರಟ ರಾಜನಿಗೆ ನಾನು ಮತ್ತೆ ಅಡ್ಡ ಹೋಗಿ "ಹೋಗಬೇಡಿ ತಂದೆಯೇ" ಅನ್ನಬೇಕು. ಆ ಮಾತು ಕಿವಿಗೆ ಬಿದ್ದ ಕೂಡಲೇ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುವರು, ಅತ್ತೆ ಮೊದಲಿಂದ ಹಾಡುವಳು. ನಾನು ಎಷ್ಟು ಸಲ ಅಡ್ಡ ಹೋದರೆ ಅಷ್ಟು ಸಲ ಹಾಡು. ನಾನು ದಾರಿ ಬಿಟ್ಟರೆ ಮುಗಿಯಿತು.

ಇನ್ನು ಶ್ರುತಿಯ ವಿಷಯ. ಅತ್ತೆ ಹಾಡುತ್ತಿದ್ದುದು ಕರಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು. ಅಷ್ಟು ಎತ್ತರದಲ್ಲಿ ಶುರುಮಾಡಿ, ಹಾಡಿನ ಉತ್ತರಾರ್ಧದಲ್ಲಿ ಮೇಲಿನ ಷಡ್ಜಕ್ಕೆ ಏರಿ, ಅಲ್ಲೇ ನಿಲ್ಲಬೇಕು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಚಾಪೆಯವನಿಗೂ ಕೇಳಿಸುವಂತೆ ಹಾಡಿ ಕಲಿತವಳು ಅವಳು. ಕರಿ ನಾಲ್ಕು ಅವಳ ಅಹಂಕಾರವೂ ಆಗಿತ್ತು ಅನ್ನಿ. ವಯಸ್ಸಾದ ಹಾಗೆ ಶ್ರುತಿ ಇಳಿಸಿಕೊಂಡ ಗಾಯಕರನ್ನು ಕಂಡರೆ, "ಮೆಟ್ಟಿಲು ಇಳೀತಿದ್ದಾರೆ, ಬಾವಿ ಹತ್ರ ಬಂತು" ಅನ್ನುತ್ತಿದ್ದಳು.

ಆ ವರ್ಷ ಶಿವಮೊಗ್ಗದಲ್ಲಿ ನಮ್ಮ ಕ್ಯಾಂಪು. ದುರ್ಗಿಗುಡಿಯ ಒಂದು ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದೆವು. ಅತ್ತೆಯ ಗಂಟಲು ಚಳಿಗಾಲದಿಂದಲೇ ಕೈಕೊಡುತ್ತಿತ್ತು. ಡಾಕ್ಟರು ಮಾತು ಕಡಿಮೆ ಮಾಡಿ ಎಂದರು, ಅತ್ತೆ ಡಾಕ್ಟರ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದಳು. ಒಂದು ಶನಿವಾರದ ಆಟದಲ್ಲಿ ಆಗಬಾರದ್ದು ಆಗಿಹೋಯಿತು. ಮೇಲಿನ ಷಡ್ಜಕ್ಕೆ ಏರಿದ ದನಿ ಅಲ್ಲಿ ನಿಲ್ಲಲಿಲ್ಲ. ಒಡೆಯಿತು. ಬರಿ ಗಾಳಿ ಬಂತು. ಅವಳ ಎದೆಗೆ ಒರಗಿದ್ದ ನನ್ನ ಕೆನ್ನೆಗೆ ಅವಳ ಎದೆ ನಡುಗಿದ್ದು ತಾಕಿತು. ಹೇಗೋ ಕೆಳಗಿನ ಸ್ವರ ಹಿಡಿದು ಹಾಡು ಮುಗಿಸಿದಳು.

ಜನ ಸಿಳ್ಳೆ ಹಾಕಿ ಗೇಲಿ ಮಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಎದುರುತ್ತರವನ್ನೂ ಕೊಡುತ್ತಿದ್ದಳು. ಅವರು ಚಪ್ಪಾಳೆ ತಟ್ಟಿದರು. ಕೆಮ್ಮುವ ಅಜ್ಜಿಗೆ ನೀರು ಕೊಡುವಂಥ ಚಪ್ಪಾಳೆ. ಒಬ್ಬನೂ ಒನ್ಸ್ ಮೋರ್ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಹಾರ್ಮೋನಿಯಂ ಮೇಷ್ಟ್ರು ಮನೆಗೆ ಬಂದರು. ಅತ್ತೆಯ ಜೊತೆ ಇಪ್ಪತ್ತು ವರ್ಷ ನುಡಿಸಿದವರು, ಅವಳಿಗೆ ಹೆದರುವವರು ಕೂಡ. ಕಾಫಿ ಲೋಟ ಕೈಯಲ್ಲಿ ತಿರುಗಿಸುತ್ತ, "ಬಿಳಿ ನಾಲ್ಕಕ್ಕೆ ಇಳಿಸ್ಕೊಳ್ಳೋಣ ಅಕ್ಕ, ಯಾರಿಗೂ ಗೊತ್ತಾಗಲ್ಲ" ಎಂದರು.

"ನಿಮಗೆ ಗೊತ್ತಾಗುತ್ತಲ್ಲ ಮೇಷ್ಟ್ರೇ."

"ನಂಗೊಬ್ಬನಿಗೆ."

"ನಂಗೂ ಗೊತ್ತಾಗುತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಡಲಾರದೆ ನಿಮ್ಮ ಪೆಟ್ಟಿಗೆ ಡೊಂಕು ಅನ್ಲಾ?"

ಮೇಷ್ಟ್ರು ಕಾಫಿ ಕುಡಿದು ಹೋದರು. ಆಮೇಲೆ ಅತ್ತೆ ತುಂಬ ಹೊತ್ತು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಅಕ್ಕಿ ಆರಿಸುತ್ತಿದ್ದೆ. ಅವಳು ನನ್ನ ಕಡೆ ತಿರುಗದೆ ಹೇಳಿದಳು, "ಮುಂದಿನ ಕ್ಯಾಂಪು ಭದ್ರಾವತಿ. ಅಲ್ಲೇ ಕಿರೀಟ ಇಟ್ಟಿದ್ದು, ಅಲ್ಲೇ ಇಳಿಸ್ತೀನಿ. ಒಂದೇ ಆಟ. ಕರಿ ನಾಲ್ಕರಲ್ಲಿ."

"ಆಗದಿದ್ರೆ?" ಎಂದೆ. ನನ್ನ ಬಾಯಿ ಹಾಗೆಯೇ.

"ಆಗದಿದ್ರೆ ಅಂತ ಕೇಳೋಕೆ ಊರೆಲ್ಲ ಇದೆ. ನೀನ್ಯಾಕೆ ಕೇಳ್ತೀಯ?"

ಅವತ್ತಿನಿಂದ ಅತ್ತೆ ಮಾತು ಬಿಟ್ಟಳು. ಡಾಕ್ಟರಿಗೆ ಸಾಧ್ಯವಾಗದ್ದು ಚಪ್ಪಾಳೆಯಿಂದ ಸಾಧ್ಯವಾಯಿತು. ಬೆಳಗಿನ ಜಾವ ಹಾಸಿಗೆಯಲ್ಲೇ ಮಂದ್ರದ ಷಡ್ಜವನ್ನು ಮೆಲ್ಲಗೆ ಗುನುಗುವುದು, ಬಿಸಿನೀರು, ಕಲ್ಲುಸಕ್ಕರೆ, ಮೆಣಸಿನ ಕಷಾಯ, ಅಷ್ಟೇ. ಬೈಗುಳವನ್ನೂ ಹುಬ್ಬಿನಲ್ಲಿ ಮಾಡುತ್ತಿದ್ದಳು. ಅಷ್ಟು ವರ್ಷ ಅವಳ ಬಾಯಿಗೆ ಹೆದರುತ್ತಿದ್ದ ಕಂಪನಿಯ ಹುಡುಗಿಯರು ಈಗ ಹುಬ್ಬಿಗೆ ಹೆದರಿದರು. ಸಾಮಾನು ಸಾಗಿಸಿದ ದಿನ ಪರದೆ ತುಂಬಿದ ಲಾರಿಯ ಮುಂದಿನ ಸೀಟಿನಲ್ಲಿ ನಾವಿಬ್ಬರೂ ಕೂತಿದ್ದೆವು. ಮಲವಗೊಪ್ಪ ದಾಟುವವರೆಗೆ ಡ್ರೈವರ್ ಸಾಹೇಬರು ಅವಳನ್ನು ಏನೇನೋ ಕೇಳಿದರು. ಇವಳು ತಲೆ ಆಡಿಸುವುದು, ಕೈ ಬೀಸುವುದು. ಕೊನೆಗೆ ಅವರು ನನ್ನ ಕಡೆ ಬಾಗಿ, "ಪಾಪ, ಹುಟ್ಟಿನಿಂದಲೂ ಹೀಗೇನಾ ತಾಯಿ?" ಎಂದು ಪಿಸುಗುಟ್ಟಿದರು. ನಾನು ಸೀರೆ ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆ ನನ್ನ ತೊಡೆ ಚಿವುಟಿದ ಗುರುತು ಒಂದು ವಾರ ಇತ್ತು.

ಭದ್ರಾವತಿಯಲ್ಲಿ ಹಳೆ ಊರಿನ ಬಯಲಲ್ಲಿ ತಗಡಿನ ಥಿಯೇಟರು ಎದ್ದಿತು. ಅತ್ತೆಯ ಕೊನೆಯ ಆಟ ಎಂದು ತಮಟೆ ಹೊಡೆಸಿ ಸಾರಿದ್ದೂ ಆಯಿತು. ಆಟ ಭಾನುವಾರ ಮಧ್ಯಾಹ್ನ. ರಾತ್ರಿ ಅವಳಿಗೆ ಕೆಮ್ಮು ಏರುತ್ತಿತ್ತು, ಅದಕ್ಕೇ ಹಗಲು ಬೇಕೆಂದು ಅವಳೇ ಹಟ ಹಿಡಿದಿದ್ದಳು. ಕಾರ್ಖಾನೆಯ ಮೊದಲ ಶಿಫ್ಟ್ ಬಿಟ್ಟ ಮೇಲೆ ಆಟ ಶುರುವಾಗುವ ಮೂರನೇ ಬೆಲ್ಲು ಎಂದು ತೀರ್ಮಾನವಾಯಿತು. ತಾಲೀಮಿನಲ್ಲಿ ಎಲ್ಲ ಹಾಡೂ ಮೆಲುದನಿಯಲ್ಲಿ ಹಾಡಿದಳು, ಆ ಷಡ್ಜದ ಜಾಗ ಬಂದಾಗ ಮಾತ್ರ ಕೈ ಎತ್ತಿ ತೋರಿಸಿ ಸುಮ್ಮನಾದಳು. ಮೇಷ್ಟ್ರು ತಡೆಯಲಾರದೆ, "ಒಂದು ಸಲ ನೋಡಿಬಿಡೋಣ ಅಕ್ಕ, ಬರುತ್ತೋ ಇಲ್ವೋ" ಎಂದರು. ಅತ್ತೆ ಆ ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ಬಿತ್ತನೆ ಭತ್ತಾನ ಯಾರಾದ್ರೂ ಅನ್ನ ಮಾಡಿ ರುಚಿ ನೋಡ್ತಾರಾ ಮೇಷ್ಟ್ರೇ?"

ಇದನ್ನೆಲ್ಲ ಕಂಪನಿಯ ಮಾಲೀಕರು ನೋಡುತ್ತಿದ್ದರು. ಕೆಟ್ಟವರಲ್ಲ. ಸಿನಿಮಾ ಬಂದು ಅರ್ಧ ಜನರನ್ನು ಎಳೆದುಕೊಂಡಿತ್ತು, ಕಂಪನಿ ನಡೆಸುವವರಿಗೆ ತಲೆ ಬಿಸಿ ಇದ್ದೇ ಇರುತ್ತದೆ. ಆಟದ ಹಿಂದಿನ ದಿನ ನನ್ನನ್ನು ಪರದೆ ಸುತ್ತಿಟ್ಟ ಮೂಲೆಗೆ ಕರೆದರು.

"ನೋಡಮ್ಮಾ, ಆ ಹಾಡಿನಲ್ಲಿ ನೀನು ಅವರ ಎದೆಗೆ ಮುಖ ಇಟ್ಟಿರ್ತೀಯ. ನಿನ್ನ ಬೆನ್ನು ಜನರ ಕಡೆ. ತಲೆ ಮೇಲೆ ಸೆರಗು. ನಿನ್ನ ಬಾಯಿ ಯಾರಿಗೆ ಕಾಣುತ್ತೆ?"

ನನಗೆ ಅರ್ಥವಾಗಲಿಲ್ಲ.

"ಮೇಲಿನ ಷಡ್ಜ ಬಂದಾಗ ನೀನು ಹಾಡಿಬಿಡು. ಕರಿ ನಾಲ್ಕು ನಿಂಗೆ ನೀರು ಕುಡಿದ ಹಾಗೆ. ಅವರು ಬಾಯಿ ತೆಗೀತಾರೆ, ಜನ ಅವರೇ ಹಾಡಿದ್ರು ಅಂದ್ಕೋತಾರೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ, ಅದನ್ನಿಲ್ಲಿ ಬರೆಯುವುದಿಲ್ಲ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸಿಟ್ಟು ಮಾಡ್ಕೋ, ಆದರೆ ಯೋಚನೇನೂ ಮಾಡು. ಊರು ತುಂಬ ಜನದ ಎದುರು ಇನ್ನೊಂದು ಸಲ ಆ ದನಿ ಒಡೆದ್ರೆ ಆಕೆ ಉಳೀತಾರಾ?" ಎಂದರು. ಆ ಮಾತು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಅಡುಗೆ ಮಾಡುವಾಗ, ಮಕ್ಕಳಿಗೆ ಸ್ನಾನ ಮಾಡಿಸುವಾಗ ಅದೇ ಯೋಚನೆ. ಹಾಡಿಬಿಡಬಹುದಿತ್ತು. ನಿಜವಾಗಿ ನನಗೆ ಆ ಸ್ವರ ಸುಲಭ, ಅವಳೇ ಕಲಿಸಿದ್ದು. ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಮುಚ್ಚಿಟ್ಟುಕೊಳ್ಳುವುದು ನನ್ನಿಂದ ಯಾವತ್ತೂ ಆಗಿಲ್ಲ. ಭಾನುವಾರ ಮಧ್ಯಾಹ್ನ ಬಣ್ಣದ ಕೋಣೆಯಲ್ಲಿ ಹೇಳಿಬಿಟ್ಟೆ. ಮೇಕಪ್ ಸಾಬರು ಅತ್ತೆಯ ಮೇಲ್ದುಟಿಗೆ ಅಂಟು ಹಚ್ಚಿ, ಮೀಸೆ ಒತ್ತಿ ಹಿಡಿದಿದ್ದರು. ಆ ಹೊತ್ತಿನಲ್ಲಿ ತುಟಿ ಅಲ್ಲಾಡಿಸುವ ಹಾಗಿಲ್ಲ, ಬೈಯಲೂ ಆಗುವುದಿಲ್ಲ. ಅದನ್ನು ನೋಡಿಕೊಂಡೇ ಹೇಳಿದ್ದೆ. ಅತ್ತೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಅಂಟು ಒಣಗುವವರೆಗೆ ಕಾದಳು. ಸಾಬರಿಗೆ ಪರಿಸ್ಥಿತಿ ಗೊತ್ತಾಗಿ, "ನಾನು ಸ್ವಲ್ಪ ಚಾ ಕುಡಿದು ಬರ್ತೀನಿ ಆಪಾ" ಎಂದು ಜಾರಿಕೊಂಡರು.

"ನೀನು ಆ ಜಾಗದಲ್ಲಿ ಬಾಯಿ ತೆಗೆದ್ರೆ," ಎಂದಳು ಅತ್ತೆ ಮೀಸೆಯ ಕೆಳಗಿಂದ, "ರಾಜ ಮಗಳ ಕೆನ್ನೆಗೆ ಬಾರಿಸಿದ ಅಂತ ನಾಳೆ ಊರೆಲ್ಲ ಹೇಳ್ಕೋಬೇಕಾಗುತ್ತೆ."

"ಒಡೆದ್ರೆ ಏನ್ಮಾಡ್ತೀಯ ಅತ್ತೆ?" ನನಗೆ ಅಳು ಬಂದಿತ್ತು.

"ಒಡೆದ್ರೆ ಒಡೆದದ್ದು ನಂದು. ನೀನು ಹಾಡಿದ್ರೆ ಅದು ನಂದಲ್ಲ. ಅಷ್ಟೂ ತಿಳಿಯಲ್ವಾ ಮಾರಾಯ್ತಿ?" ಆಮೇಲೆ ದನಿ ತಗ್ಗಿಸಿದಳು. "ಕೇಳಿಲ್ಲಿ. ನನ್ನ ಹತ್ರ ಒಂದು ಸಲಕ್ಕೆ ಆಗುವಷ್ಟಿದೆ. ಒಂದೇ ಸಲಕ್ಕೆ. ಎರಡನೇದು ಇಲ್ಲ. ಜನ ಒನ್ಸ್ ಮೋರ್ ಅಂದ್ರೆ ನೀನು ಅಡ್ಡ ಬರಬೇಡ. ದಾರಿ ಬಿಡು."

ಒನ್ಸ್ ಮೋರ್ ಕೇಳಿದವರಿಗೆ ಅತ್ತೆ ಜೀವಮಾನದಲ್ಲಿ ಇಲ್ಲ ಅಂದದ್ದಿಲ್ಲ. ಮೈಮೇಲೆ ಜ್ವರ ಇಟ್ಟುಕೊಂಡು ಮೂರು ಮೂರು ಸಲ ಹಾಡಿದವಳು.

"ಎರಡನೇ ಸಲ ಹಾಡಿದ್ರೆ ಅದು ಒಡೆಯೋದು ಖಂಡಿತ," ಎಂದಳು. "ಜನ ಯಾವುದನ್ನ ಕೊನೇಲಿ ಕೇಳ್ತಾರೋ ಅದನ್ನೇ ಮನೆಗೆ ತಗೊಂಡು ಹೋಗೋದು. ಮಾಲೀಕರು ಏನಾದ್ರೂ ಅನ್ಲಿ, ಜನ ಏನಾದ್ರೂ ಅನ್ಲಿ. ನಾನೇ ಏನಾದ್ರೂ ಅಂದ್ರೂ ಕೇಳಬೇಡ. ಮಾತು ಕೊಡು."

ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ. ಅವಳ ಕೈ ತಣ್ಣಗಿತ್ತು. ಅಷ್ಟರಲ್ಲಿ ಕಾರ್ಖಾನೆಯ ಕೂಗು ಕೇಳಿಸಿತು, ಶಿಫ್ಟ್ ಬಿಟ್ಟಿತು.

ಜನ ಬಂದರು. ಊಟದ ಕ್ಯಾರಿಯರ್ ಕೈಯಲ್ಲೇ ಹಿಡಿದು, ಮೈಮೇಲಿನ ಮಸಿ ಸರಿಯಾಗಿ ತೊಳೆದುಕೊಳ್ಳದೆ ಬಂದವರಿದ್ದರು. ಅಪ್ಪನಿದ್ದ ಕಾರ್ಖಾನೆ ಮನೆಗಳ ಲೈನಿನ ತಮಿಳು ಹೆಂಗಸರು ಹೂ ಮುಡಿದು, ಮಕ್ಕಳನ್ನು ಕಂಕುಳಲ್ಲಿಟ್ಟು ಬಂದರು. ಬಜಾರಿನ ಸಾಬರ ಮನೆಯ ಹೆಂಗಸರು ಹೆಂಗಸರ ಕಡೆಯ ಕೊನೆ ಸಾಲಿನಲ್ಲಿ ಕೂತರು. ಶಿವಮೊಗ್ಗದಿಂದ ರೈಲು ಹತ್ತಿ ಬಂದವರೂ ಇದ್ದರು. ಅವರಲ್ಲಿ ಆ ಶನಿವಾರದ ಆಟ ನೋಡಿದವರೂ ಇದ್ದರು, ಅದು ಅತ್ತೆಗೆ ಗೊತ್ತಿತ್ತು. ಅಪ್ಪ ಮುಂದಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ತಗಡಿನ ಕೆಳಗೆ ಕಾದ ಹಂಚಿನ ಮೇಲೆ ಕೂತಂತೆ ಸೆಕೆ. ಬೀಸಣಿಗೆಯ ಸದ್ದು ರಂಗದವರೆಗೂ ಬರುತ್ತಿತ್ತು.

ಅತ್ತೆ ಮೊದಲ ಅಂಕದ ಹಾಡುಗಳನ್ನು ಜಿಪುಣಿಯ ಹಾಗೆ ಹಾಡಿದಳು. ಚೊಕ್ಕವಾಗಿ, ಚಿಕ್ಕದಾಗಿ, ಆಲಾಪ ಬೆಳೆಸದೆ. ಜನ ಮರ್ಯಾದೆಯಿಂದ ಕೇಳಿದರು. ಹಿಂದಿನಿಂದ ಒಬ್ಬ, "ಮುದುಕಿ ಬೆಂಕಿ ಆರಿದೆ ಕಣೋ" ಎಂದದ್ದು ನನ್ನ ಕಿವಿಗೇ ಬಿತ್ತು. ಹೋಗಿ ಅವನ ಕ್ಯಾರಿಯರ್ ಕಿತ್ತು ಅವನ ತಲೆಗೇ ಕುಕ್ಕುವಷ್ಟು ಸಿಟ್ಟು ಬಂತು. ಆದರೆ ಮದುಮಗಳು ಹಾಗೆ ಮಾಡುವ ಹಾಗಿಲ್ಲ.

ಆ ದೃಶ್ಯ ಬಂತು. ಕಿರೀಟ ಅಳಿಯನ ತಲೆಗೇರಿತು. ಅತ್ತೆ ಬರಿತಲೆಯಲ್ಲಿ, ಬರಿಗಾಲಲ್ಲಿ ಹೊರಟಳು. ನಾನು ಓಡಿಹೋಗಿ ಅಡ್ಡ ನಿಂತು, "ಹೋಗಬೇಡಿ ತಂದೆಯೇ" ಎಂದೆ. ಆ ಮಾತನ್ನು ಎಷ್ಟೋ ವರ್ಷ ಹೇಳಿದ್ದೇನೆ, ಅಳುವುದನ್ನು ಅವಳೇ ಹೇಳಿಕೊಟ್ಟಿದ್ದಳು. ಅವತ್ತು ಹೇಳಿಕೊಟ್ಟದ್ದು ಬೇಕಾಗಲಿಲ್ಲ. ಮೇಷ್ಟ್ರು ಕರಿ ನಾಲ್ಕು ಹಿಡಿದರು. ಅತ್ತೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಪೂರ್ವಾರ್ಧ ಸಲೀಸಾಗಿ ಹೋಯಿತು. ನನ್ನ ಕಿವಿ ಅವಳ ಎದೆಯ ಮೇಲೆ. ಜನರಿಗೆ ಕೇಳುತ್ತಿದ್ದುದು ಹಾಡು, ನನಗೆ ಅದರ ಕೆಳಗಿನ ಉಸಿರೂ ಕೇಳುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಎದೆಗೂಡಿನೊಳಗೆ ಗೊರ್ ಎಂದು ಏನೋ ಉಜ್ಜುತ್ತಿತ್ತು. ಉತ್ತರಾರ್ಧಕ್ಕೆ ಏರತೊಡಗಿದಳು. ಪಂಚಮ ದಾಟಿದಳು. ಸೆರಗಿನ ಸಂದಿಯಿಂದ ನನಗೆ ಪಕ್ಕದ ಪರದೆ ಕಾಣುತ್ತಿತ್ತು. ಅಲ್ಲಿ ಮಾಲೀಕರು ಗಂಟಲು ಮುಟ್ಟಿಕೊಂಡು, ಹಾಡು, ಹಾಡು ಎಂದು ನನಗೆ ಸನ್ನೆ ಮಾಡುತ್ತಿದ್ದರು. ನಿಷಾದದ ಮೇಲೆ ಅವಳ ದನಿ ಅಲ್ಲಾಡಿತು. ನಿಂತೇಬಿಟ್ಟಿತು.

ಥಿಯೇಟರಿನಲ್ಲಿ ಬೀಸಣಿಗೆಗಳೂ ನಿಂತವು. ನನ್ನ ಗಂಟಲಿನಲ್ಲಿ ಆ ಸ್ವರ ಸಿದ್ಧವಾಗಿ ಕೂತಿತ್ತು. ಬಾಯಿ ತೆರೆದರೆ ಸಾಕು. ಅವಳನ್ನು ಉಳಿಸಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಳ್ಳಬೇಕಾಯಿತು. ಜರಿಯ ಎಳೆ ನಾಲಿಗೆಗೆ ಚುಚ್ಚುತ್ತಿತ್ತು. ಮೇಷ್ಟ್ರು ಷಡ್ಜ ಬಿಡದೆ ಹಿಡಿದೇ ಇದ್ದರು, ಅವರು ಕಾಲಲ್ಲಿ ಹಾರ್ಮೋನಿಯಂನ ತಿದಿ ತುಳಿಯುವ ಸದ್ದು ಕೂಡ ಕೇಳುತ್ತಿತ್ತು.

ಅತ್ತೆ ಅವಸರ ಮಾಡಲಿಲ್ಲ. ನನ್ನ ತಲೆಯನ್ನು ಎರಡು ಸಲ ಸವರಿದಳು, ಮಗಳನ್ನು ಸಮಾಧಾನ ಮಾಡುವ ರಾಜನ ಹಾಗೆ. ಜನ ಅದನ್ನು ಅಭಿನಯ ಅಂದುಕೊಂಡರು. ಅವಳ ಹೊಟ್ಟೆ ತುಂಬ ಉಸಿರು ಹೋದದ್ದು ನನಗೆ ತಿಳಿಯಿತು. ಅದೇ ಸಾಲನ್ನು ಮತ್ತೆ ಕೆಳಗಿನಿಂದ ಎತ್ತಿದಳು. ಪಂಚಮ, ಧೈವತ, ನಿಷಾದ. ಆಮೇಲೆ ಮೇಲಿನ ಷಡ್ಜ.

ಬಂತು. ಹಳೆಯ ಕಂಚಿನ ದನಿ ಅಲ್ಲ, ಸುಳ್ಳು ಯಾಕೆ ಹೇಳಲಿ. ತೆಳ್ಳಗಿತ್ತು, ಅಂಚಿನಲ್ಲಿ ಸ್ವಲ್ಪ ಸವೆದಿತ್ತು. ಆದರೆ ಕರಿ ನಾಲ್ಕರ ಷಡ್ಜ, ಕೂದಲೆಳೆಯಷ್ಟೂ ಕೆಳಗಿಲ್ಲ. ಅಲ್ಲಿ ನಿಂತಳು. ನಿಂತೇ ಇದ್ದಳು. ಅವಳ ಇಡೀ ಮೈ ಕಂಬದಂತೆ ಬಿಗಿದಿತ್ತು, ನನ್ನ ಭುಜ ಹಿಡಿದಿದ್ದ ಬೆರಳು ಒಳಗೆ ಇಳಿಯುವಂತೆ ಒತ್ತುತ್ತಿತ್ತು. ನನ್ನ ಕಣ್ಣೀರಿಗೆ ಅವಳ ಅಂಗಿಯ ಎದೆ ಒದ್ದೆಯಾಯಿತು. ಅವಳಾಗಿಯೇ ಸಾಕು ಎಂದು ಇಳಿದು, ಪಲ್ಲವಿಗೆ ಬಂದು, ಮುಗಿಸಿದಳು.

ಆಮೇಲೆ ನೆಲದ ಮೇಲೆ ಕೂತವರ ಕಡೆಯಿಂದ ಒಂದು ಗಡಸು ದನಿ, "ಒನ್ಸ್ ಮೋರ್!" ಎಂದಿತು. ಕುಲುಮೆಯ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ದನಿ. ಅದರ ಹಿಂದೆ ಬೆಂಚು, ಕುರ್ಚಿ, ಹೆಂಗಸರ ಕಡೆ, ಎಲ್ಲ ಎದ್ದವು. ಕ್ಯಾರಿಯರ್ ಡಬ್ಬಿಗಳನ್ನು ಬಡಿದರು. ಕೈಗೆಟುಕಿದವರು ಗೋಡೆಯ ತಗಡು ಬಡಿದರು. ಕನಿಕರಕ್ಕೆ ಯಾರೂ ತಗಡು ಬಡಿಯುವುದಿಲ್ಲ.

ಹಾಡಿನ ನಂತರ ಅತ್ತೆ ನನ್ನನ್ನು ಬಿಡಿಸಿ ಎರಡು ಹೆಜ್ಜೆ ಹೋಗಿದ್ದಳು. ಆ ಕೂಗು ಕೇಳಿ ನಿಂತಳು. ತಿರುಗಿದಳು. ಆ ಮೀಸೆಯ ಹಿಂದೆ, ಜಾತ್ರೆಯಲ್ಲಿ ಕಳೆದುಹೋಗಿ ತಾಯಿ ಸಿಕ್ಕ ಮಗುವಿನ ಮುಖ. ಎಷ್ಟು ದಿನವಾಗಿತ್ತೋ ಆ ಕೂಗು ಕೇಳಿ. ಅವಳು ಹೋಗುವ ದಾರಿ ಬಿಟ್ಟು, ಹಾಡುವ ಜಾಗಕ್ಕೆ ವಾಪಸು ಬಂದು ನಿಂತಳು. ಹುಬ್ಬು ಎತ್ತಿ ನನಗೆ ಸನ್ನೆ ಮಾಡಿದಳು. ಹೇಳು ಮಾತನ್ನ, ಹೇಳು.

ಮಾಲೀಕರೂ ಪಕ್ಕದಿಂದ ಹೇಳು ಹೇಳು ಅನ್ನುತ್ತಿದ್ದರು. ಮೇಷ್ಟ್ರ ಕೈ ಕರಿ ನಾಲ್ಕರ ಮೇಲೆ ಬಂದು ಕೂತಿತ್ತು. ಊರಿಗೆ ಊರೇ ಕೇಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವಳೇ ಕೇಳುತ್ತಿದ್ದಳು. ನಾನು ಹತ್ತಿರ ಹೋಗಿ ಅಡ್ಡ ನಿಂತೆ. ಅವಳ ಎದೆ ಏರಿಳಿಯುತ್ತಿದ್ದ ರೀತಿ ನೋಡಿದೆ. ಬಿತ್ತಿ ಆಗಿತ್ತು, ಮಡಕೆಯಲ್ಲಿ ಇನ್ನೊಂದು ಹಿಡಿ ಇರಲಿಲ್ಲ. ನನಗೆ ಅದು ಗೊತ್ತಿತ್ತು, ಯಾಕೆಂದರೆ ಈಗಷ್ಟೇ ಅಲ್ಲಿ ಕಿವಿಯಿಟ್ಟು ಕೇಳಿದ್ದೆ.

ನಾನೇ ಏನಾದ್ರೂ ಅಂದ್ರೂ ಕೇಳಬೇಡ ಅಂದಿದ್ದಳಲ್ಲ. ಕೇಳಲಿಲ್ಲ. ಬಾಗಿ ಅವಳ ಕಾಲು ಮುಟ್ಟಿದೆ. ಎದ್ದು, ಪಕ್ಕಕ್ಕೆ ಸರಿದು, ನಾಟಕದ ಪುಸ್ತಕದಲ್ಲಿಲ್ಲದ ಮಾತನ್ನು ಹಿಂದಿನ ಚಾಪೆಯವರಿಗೂ ಕೇಳಿಸುವಂತೆ ಹೇಳಿದೆ.

"ಹೋಗಿ ಬನ್ನಿ, ತಂದೆಯೇ."

ತಗಡು ಬಡಿಯುವುದು ನಿಂತಿತು. ಅತ್ತೆ ನನ್ನನ್ನು ನೋಡಿದ ನೋಟ ಇವತ್ತಿಗೂ ನನ್ನ ಮುಂದಿದೆ. ಕೊಂದುಬಿಡುವಷ್ಟು ಸಿಟ್ಟಿತ್ತು ಅದರಲ್ಲಿ. ಆಮೇಲೆ ಸಿಟ್ಟು ಇಳಿಯಿತು, ಏನೋ ನೆನಪಾದವಳ ಹಾಗೆ ತಲೆ ಆಡಿಸಿದಳು. ನನ್ನ ನೆತ್ತಿಯ ಮೇಲೆ ಕೈ ಇಟ್ಟಳು. ತಿರುಗಿ, ಬೆನ್ನು ನೆಟ್ಟಗೆ ಮಾಡಿ, ರಾಜ ನಡೆಯುವ ನಡಿಗೆಯಲ್ಲೇ ಪರದೆಯ ಒಳಗೆ ಹೋದಳು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಪರದೆ ಬಿದ್ದ ಮೇಲೆ ನಾನು ಬಣ್ಣದ ಕೋಣೆಗೆ ಓಡಿದೆ. ಹೊಡೆದರೆ ಹೊಡೆಸಿಕೊಳ್ಳುವುದು ಎಂದು ತಯಾರಾಗಿಯೇ ಹೋದೆ. ಅವಳು ಸ್ಟೂಲಿನ ಮೇಲೆ ಕುಸಿದು ಕೂತಿದ್ದಳು. ಮಾತಾಡಲು ಹೋಗಿ ಬಾಯಿ ತೆರೆದಳು, ದನಿ ಬರಲಿಲ್ಲ. ಬರಿ ಗಾಳಿ ಬಂತು, ಆ ಶನಿವಾರ ಬಂದ ಹಾಗೆ. ಇಬ್ಬರೂ ಅದನ್ನು ಕೇಳಿಸಿಕೊಂಡೆವು. ಎರಡನೇ ಸಲ ಹಾಡಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಾಯಿತು. ಅವಳು ನನ್ನ ಕೈ ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು, ಬಣ್ಣವೆಲ್ಲ ನನ್ನ ಕೈಗೆ ಹತ್ತಿತು.

ಕೊಬ್ಬರಿ ಎಣ್ಣೆಯಲ್ಲಿ ಅರಿವೆ ಅದ್ದಿ ನಾನೇ ಅವಳ ಮೀಸೆ ಬಿಡಿಸತೊಡಗಿದೆ. ಅರ್ಧ ಬಂದಿತ್ತು. ಹೊರಗೆ ಮತ್ತೆ ಶುರುವಾಯಿತು. ಮುಂದಿನ ಅಂಕದ ಬೆಲ್ಲು ಹೊಡೆದರೂ ಅದು ಕೇಳದಷ್ಟು ಗದ್ದಲ. ಒನ್ಸ್ ಮೋರ್, ಒನ್ಸ್ ಮೋರ್. ಮಾಲೀಕರು ಬಾಗಿಲಲ್ಲಿ ತಲೆ ಹಾಕಿ, "ಬಿಡ್ತಾ ಇಲ್ಲಮ್ಮಾ ಜನ, ಏನ್ಮಾಡ್ಲಿ?" ಎಂದರು.

ಅತ್ತೆ ಅರ್ಧ ಮೀಸೆಯಲ್ಲಿ, ಕಣ್ಣು ಮುಚ್ಚಿ, ಆ ಸದ್ದನ್ನು ಕೇಳುತ್ತ ಕೂತಿದ್ದಳು. ಕೇಳಿ ಕೇಳಿ, ಉಳಿದಿದ್ದ ಗಾಳಿಯಲ್ಲೇ ಹೇಳಿದಳು.

"ಕೇಳಲಿ ಬಿಡಿ."